ಬಿಟ್ಟಿದ್ದೋ, ಮುಗಿಸಿದ್ದೋ

ಜನವರಿ 12

ದೊಡ್ಡಮ್ಮಾ,

ಫೋನಿನಲ್ಲಿ ಏನು ಹೇಳಿದರೂ ನೀನು "ಹ್ಞೂಂ" ಅನ್ನುತ್ತೀಯ, ಆಮೇಲೆ "ಊಟ ಆಯ್ತಾ" ಅನ್ನುತ್ತೀಯ, ಅಲ್ಲಿಗೆ ಮಾತು ಮುಗಿಯುತ್ತದೆ. ನಿನ್ನ ಕನ್ನಡಕದ ಅಂಗಡಿಯಿಂದ ನಾನು ಹೊರಟ ಮೇಲೆ ಮೂರು ವರ್ಷ ಹೀಗೇ ಕಳೆದುಹೋಯಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬರೀ "ಹ್ಞೂಂ" ಅಂತ ಬರೆದು ಅಂಚೆಗೆ ಹಾಕಲು ನಿನಗೂ ಮನಸ್ಸಾಗಲಿಕ್ಕಿಲ್ಲ.

ಕೆಲಸ ಸಿಕ್ಕಿದೆ. ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ದುಭಾಷಿ. ಸ್ಪ್ಯಾನಿಷ್ ಕಲಿಯುತ್ತೇನೆ ಅಂದಾಗ "ಅದನ್ನ ಕಲಿತು ಯಾರ ಜೊತೆ ಜಗಳ ಆಡ್ತೀಯ" ಎಂದು ಕೇಳಿದ್ದೆಯಲ್ಲ, ಈಗ ಉತ್ತರ ಸಿಕ್ಕಿತು. ಕಾರ್ಖಾನೆಗಳ ಕೆಲಸಕ್ಕೆ ಬಂದು ನೆಲೆಸಿದ ಸ್ಪ್ಯಾನಿಷ್ ಮಾತಿನ ಕುಟುಂಬಗಳು ಈ ಊರಲ್ಲಿ ನೂರಾರು ಇವೆ. ಅವರಿಗೆ ಕಾಯಿಲೆಯಾದರೆ ಡಾಕ್ಟರ ಮಾತು ಅವರಿಗೆ ತಿಳಿಯುವುದಿಲ್ಲ, ಅವರ ಮಾತು ಡಾಕ್ಟರಿಗೆ ತಿಳಿಯುವುದಿಲ್ಲ. ನಡುವೆ ಒಂದು ಸ್ಟೂಲಿನ ಮೇಲೆ ನಾನು ಕೂತಿರುತ್ತೇನೆ.

ಸದ್ಯಕ್ಕೆ ಆರು ತಿಂಗಳ ಪರೀಕ್ಷೆಯ ಅವಧಿ. ಕೊನೆಯಲ್ಲಿ ಒಂದು ದಿನ, ಮುಂಚೆ ಹೇಳದೆ, ನಮ್ಮ ಹಿರಿಯ ದುಭಾಷಿ ಬಂದು ಮೂಲೆಯಲ್ಲಿ ಕೂತು ನನ್ನ ಕೆಲಸ ನೋಡಿ ವರದಿ ಬರೆಯುತ್ತಾರೆ. ವರದಿ ಚೆನ್ನಾಗಿದ್ದರೆ ಕೆಲಸ ಖಾಯಂ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ಕತ್ತರಿ ಮೇಡಂ ಅನ್ನುತ್ತಾರೆ. ಹೋದ ವರ್ಷ ಇಬ್ಬರನ್ನು ವಾಪಸು ಕಳಿಸಿದರಂತೆ.

ಇಲ್ಲಿ ಒಂದು ನಿಯಮವಿದೆ, ಹೇಳಿದರೆ ನಗುತ್ತೀಯ. ರೋಗಿ "ನಾನು" ಅಂದರೆ ನಾವೂ "ನಾನು" ಎಂದೇ ಹೇಳಬೇಕು. "ಅವರಿಗೆ ನೋವಿದೆಯಂತೆ" ಅನ್ನುವ ಹಾಗಿಲ್ಲ. ನಮ್ಮ ಸ್ವಂತದ ಮಾತೇನಾದರೂ ಇದ್ದರೆ ನಮ್ಮನ್ನು ನಾವೇ "ದುಭಾಷಿ" ಎಂದು ಕರೆದುಕೊಳ್ಳಬೇಕು. ಮೊದಲನೇ ವಾರ ಒಬ್ಬ ಬಸುರಿಯ ಪರವಾಗಿ, "ಬೆಳಿಗ್ಗೆಯಿಂದ ನೋವು ಬರ್ತಿದೆ, ನನಗಿದು ಮೂರನೇ ಹೆರಿಗೆ" ಅಂದೆ. ಹೊಸದಾಗಿ ಬಂದಿದ್ದ ನರ್ಸು ಗಾಬರಿಯಿಂದ ನನ್ನ ಹೊಟ್ಟೆ ನೋಡಿದಳು.

ನನ್ನನ್ನು ಸತಾಯಿಸುತ್ತಿರುವುದು ಕ್ರಿಯಾಪದಗಳು. ನಾವು ನೀರು ಕೇಳಿದರೂ ಕೇಳುವುದೇ, ದಾರಿ ಕೇಳಿದರೂ ಕೇಳುವುದೇ. ಅವರಲ್ಲಿ ನೀರು ಕೇಳುವುದಕ್ಕೆ ಪೆದೀರ್, ದಾರಿ ಕೇಳುವುದಕ್ಕೆ ಪ್ರೆಗುಂತಾರ್. ಪುಸ್ತಕ ಓದುವಾಗ ಎಲ್ಲ ಸಲೀಸು. ಎದುರಿಗೆ ಕೆಮ್ಮುತ್ತಿರುವ ಮನುಷ್ಯ, ಈಚೆಗೆ ಗಡಿಯಾರ ನೋಡುತ್ತಿರುವ ಡಾಕ್ಟರು ಇದ್ದಾಗ ಎರಡೂ ಪದ ಒಟ್ಟಿಗೆ ಬಾಯಿಗೆ ಬರುತ್ತವೆ. ಯಾವುದನ್ನು ಬಿಡಲಿ, ಯಾವುದನ್ನು ಹಿಡಿಯಲಿ ಎಂದು ತೋಚುವುದಿಲ್ಲ.

ಕೋಣೆ ಚಿಕ್ಕದು, ಕೆಳಗೆ ಇಸ್ತ್ರಿ ಅಂಗಡಿ. ಇಡೀ ದಿನ ನೆಲ ಬೆಚ್ಚಗಿರುತ್ತದೆ. ನಿನ್ನ ಕಣ್ಣು ಹೇಗಿದೆ ಬರೆ.

ಇಲ್ಲಿಂದ ನಿನ್ನ,
ಗಿಣಿ


ಜನವರಿ 30

ಗಿಣಿ,

ಹ್ಞೂಂ.

ಇಷ್ಟೇ ಬರೆದು ಕಳಿಸಿಬಿಡೋಣ ಎಂದುಕೊಂಡೆ. ಲಕೋಟೆ ದಂಡವಾಗುತ್ತದಲ್ಲ ಎಂದು ಮುಂದುವರಿಸುತ್ತಿದ್ದೇನೆ.

ಆರು ವರ್ಷದವಳಾಗಿ ನನ್ನ ಹತ್ತಿರ ಬಂದಾಗ, ಗಿರಾಕಿಗಳು ಆಡಿದ್ದನ್ನೆಲ್ಲ ಹಾಗ್ಹಾಗೇ ಒಪ್ಪಿಸುತ್ತಿದ್ದೆ, ಅವರ ಕೆಮ್ಮಿನ ಸಮೇತ. ಅದಕ್ಕೇ ಗಿಣಿ ಅಂತ ಕರೆದೆ. ಅದೇ ಕೆಲಸಕ್ಕೆ ಈಗ ಸಂಬಳ ಕೊಡುತ್ತಾರೆ ಅಂದರೆ ಲೋಕ ಅಷ್ಟೇನೂ ಕೆಟ್ಟಿಲ್ಲ. ನನ್ನ ತಂಗಿ ಇದ್ದಿದ್ದರೆ, ಮಗಳು ಬಸುರಿ ಅಂತ ಆಸ್ಪತ್ರೆಯಲ್ಲಿ ಹೇಳಿಕೊಂಡಳು ಎಂದು ಬಿದ್ದು ಬಿದ್ದು ನಗುತ್ತಿದ್ದಳು.

ಅಂಗಡಿ ಬಿಟ್ಟು ಹೋದವಳಿಗೆ ಅಂಗಡಿಯ ಸುದ್ದಿ ಯಾಕೆ? ನೀನೂ ಕೇಳಿಲ್ಲ. ಆದರೂ ಹೇಳುತ್ತೇನೆ. ಗಾಜು ಉಜ್ಜುವ ಚಕ್ರಕ್ಕೆ ಹೊಸ ಪಟ್ಟಿ ಹಾಕಿಸಿದೆ. ನೀನು ಕೂರುತ್ತಿದ್ದ ಸ್ಟೂಲಿನ ಮೇಲೆ ಈಗ ಫ್ರೇಮುಗಳ ಡಬ್ಬ ಇಟ್ಟಿದ್ದೇನೆ. ಮೇಷ್ಟ್ರು ಸಂಜೆ ಬಂದು ಅದರ ಪಕ್ಕ ನಿಂತೇ ಪೇಪರು ಓದುತ್ತಾರೆ, ಡಬ್ಬ ಸರಿಸಿ ಕೂತುಕೊಳ್ಳಿ ಅಂದರೂ ಕೂರುವುದಿಲ್ಲ. ಅವರಿಗೆ ನಿಂತೇ ಪಾಠ ಮಾಡಿ ಅಭ್ಯಾಸ.

ನಿನ್ನ ಎರಡು ಪದಗಳ ತಾಪತ್ರಯ ನನಗೇನೂ ಹೊಸದಲ್ಲ. ದಿನಕ್ಕೆ ಇಪ್ಪತ್ತು ಸಲ ನಾನು ಮಾಡುವುದು ಅದನ್ನೇ. ಗಿರಾಕಿಯ ಮೂಗಿನ ಮೇಲೆ ಪರೀಕ್ಷೆಯ ಫ್ರೇಮು ಕೂರಿಸಿ ಒಂದು ಗಾಜು ಹಾಕುತ್ತೇನೆ, ತೆಗೆದು ಇನ್ನೊಂದು ಹಾಕುತ್ತೇನೆ. "ಇದಾ, ಅದಾ?" ಎರಡಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. "ಎರಡೂ ಒಂದೇ ಥರ ಇದೆ" ಅನ್ನುತ್ತಾರೆ. ಆಗ ನೀನು ಏನು ಮಾಡುತ್ತಿದ್ದೆ ನೆನಪಿದೆಯಾ? "ಇದೇ ಚೆನ್ನಾಗಿದೆ ಅಲ್ವಾ?" ಅನ್ನುತ್ತಿದ್ದೆ. ಪಾಪ, ಮರ್ಯಾದಸ್ಥರು, "ಹೌದಮ್ಮ" ಅನ್ನುತ್ತಿದ್ದರು. ಆಮೇಲೆ ತಲೆನೋವು ಅಂತ ವಾಪಸು ಬರುತ್ತಿದ್ದರು. ಕಣ್ಣು ಅವರದು, ನಿನ್ನದಲ್ಲ. ಮತ್ತೆ ಹಾಕು, ಮತ್ತೆ ತೆಗೆ, ಬಾಯಿ ಮುಚ್ಚಿಕೊಂಡು ಕಾಯಿ. ನಿನಗೆ ಬಾಯಿ ಮುಚ್ಚಿಕೊಳ್ಳುವುದೊಂದು ಬಿಟ್ಟು ಉಳಿದದ್ದೆಲ್ಲ ಕಲಿಸಿದ್ದೆ.

ನನ್ನ ಕಣ್ಣು ಚೆನ್ನಾಗಿದೆ. ಕನ್ನಡಕ ಮಾಡುವವಳ ಕಣ್ಣಿನ ವಿಚಾರ ಯಾರೂ ಕೇಳಬಾರದು.

ದೊಡ್ಡಮ್ಮ


ಮಾರ್ಚ್ 4

ದೊಡ್ಡಮ್ಮಾ,

ನಿನ್ನ ಕಾಗದ ಕೈಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದೇನೆ. ಲಿಫ್ಟಿನ ಪಕ್ಕ ದುಭಾಷಿಗಳಿಗೆಂದು ಒಂದು ಕಿಟಕಿಯಿಲ್ಲದ ಕೋಣೆ ಇದೆ. ಕರೆ ಬರುವವರೆಗೆ ಅಲ್ಲಿ ಕೂತು ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ, ಮೇಲೆ "ಇದಾ", "ಅದಾ" ಎಂದು ಬರೆದು ಪದಗಳನ್ನು ಎದುರುಬದುರು ಕೂರಿಸುತ್ತೇನೆ. ಪಕ್ಕದವಳು ಇದೇನು ಮಂತ್ರ ಅಂತ ಕೇಳಿದಳು.

ಅವರಲ್ಲಿ ವಿಷಯ ಗೊತ್ತಿರುವುದಕ್ಕೆ ಸಬೇರ್, ಮನುಷ್ಯರು ಗೊತ್ತಿರುವುದಕ್ಕೆ ಕೊನೊಸೇರ್. ಇದನ್ನು ನೆನಪಿಟ್ಟುಕೊಳ್ಳಲು ನನಗೆ ನೀನೇ ಸಹಾಯ. ಮೇಷ್ಟ್ರ ಬಲಗಣ್ಣಿನ ಪವರ್ ಎಷ್ಟು ಅನ್ನುವುದು ನಿನಗೆ ಸಬೇರ್. ಅವರ ಮೂಗಿನ ಸೊಟ್ಟ ಎಲ್ಲಿದೆ, ಅಲ್ಲಿ ಫ್ರೇಮನ್ನು ಎಷ್ಟು ಬಗ್ಗಿಸಬೇಕು ಅನ್ನುವಷ್ಟು ಮೇಷ್ಟ್ರು ನಿನಗೆ ಕೊನೊಸೇರ್. ಇನ್ನು ಕೆಲವು ಕಡೆ ನಮಗೇ ಸುಲಭ. ಈಜು "ಬರುತ್ತೆ" ಅನ್ನುವುದು ಬೇರೆ, ಇವತ್ತು ಜ್ವರ ಇರುವುದರಿಂದ ಈಜೋಕೆ "ಆಗಲ್ಲ" ಅನ್ನುವುದು ಬೇರೆ. ಅವರೂ ಹಾಗೇ ಎರಡು ಪದ ಇಟ್ಟುಕೊಂಡಿದ್ದಾರೆ. ಅಲ್ಲಿ ನಾನು ತಡವರಿಸುವುದೇ ಇಲ್ಲ.

ತಪ್ಪಿದರೆ ಅಲ್ಲೇ ನಿಲ್ಲಿಸಿ, "ದುಭಾಷಿ ತಪ್ಪು ಹೇಳಿದಳು" ಎಂದು ಎರಡೂ ಕಡೆಯವರಿಗೆ ತಿಳಿಸಿ ತಿದ್ದಬೇಕು ಎಂದು ನಿಯಮ ಪುಸ್ತಕದಲ್ಲಿದೆ. ಯಾರೂ ಮಾಡುವುದಿಲ್ಲ. ಒಂದು ಕೆಮ್ಮು ಕೆಮ್ಮಿ ಮುಂದೆ ಹೋಗುತ್ತಾರೆ. ಕತ್ತರಿ ಮೇಡಂ ಬಂದ ದಿನವಂತೂ ಬಾಯಿ ಬಿಡಲೇಬೇಡ ಎಂದು ಪಕ್ಕದವಳು ಹೇಳಿದ್ದಾಳೆ. ಹೋದ ವರ್ಷ ವಾಪಸು ಹೋದವರಲ್ಲಿ ಒಬ್ಬ, ತಾನೇ ತಪ್ಪೊಪ್ಪಿಕೊಂಡವನಂತೆ.

ಬಾಗಿಲಿನ ಸರ ಇನ್ನೂ ಇದೆಯಾ? ತಪ್ಪಾಗಿ ಉಜ್ಜಿದ ಗಾಜುಗಳ ಅಂಚಿಗೆ ತೂತು ಕೊರೆದು, ನೂಲಿಗೆ ಕಟ್ಟಿ, ಯಾರ ಕಣ್ಣಿನ ಗಾಜು, ಯಾರ ತಪ್ಪು ಎಂದು ಚೀಟಿ ಬರೆದು ಅಂಗಡಿಯ ಬಾಗಿಲಿಗೇ ತೂಗುಹಾಕುವವರನ್ನು ನಿನ್ನ ಹೊರತು ನಾನು ಎಲ್ಲೂ ಕಂಡಿಲ್ಲ. ಶಾಲೆಯ ಹುಡುಗಿಯರು "ನಿಮ್ಮ ಅಂಗಡೀಲಿ ತಪ್ಪು ಮಾರ್ತಾರಾ?" ಎಂದು ಕೇಳುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಅದರಲ್ಲಿ ನನ್ನ ಚೀಟಿಯೂ ಒಂದು ಇತ್ತು.

ಸುಮ್ಮನೆ ನೆನಪಾಯಿತು, ಬರೆದೆ.

ಗಿಣಿ


ಏಪ್ರಿಲ್ 2

ಗಿಣಿ,

ನಿನ್ನ ಚೀಟಿ "ಇತ್ತು" ಎಂದು ಬರೆದಿದ್ದೀಯ. ಓದಿದೆ.

ಸರ ಇದೆ. ಹೋದ ವಾರ ಅದಕ್ಕೆ ಇನ್ನೊಂದು ಗಾಜು ಸೇರಿತು. ಚೀಟಿ ಹೀಗಿದೆ: "ನಾನು. ಮೇಷ್ಟ್ರ ಎಡಗಣ್ಣು. ಎರಡೂ ಕಾಲು ಪವರ್ ಹಾಕಬೇಕಿತ್ತು, ಎರಡೂ ಮುಕ್ಕಾಲು ಹಾಕಿದೆ." ಕಾಲು, ಮುಕ್ಕಾಲು ಅಂತ ಬರೆದಿಟ್ಟಿದ್ದು ನನ್ನ ಕಣ್ಣಿಗೆ ಬೇರೆ ಬೇರೆಯಾಗಿ ಕಾಣಲಿಲ್ಲ. ಇದನ್ನು ನೀನು ಸುಮ್ಮನೆ ಓದಿ ಮುಂದೆ ಹೋಗು, ಅದರ ಬಗ್ಗೆ ಪ್ರಶ್ನೆ ಬರೆಯಬೇಡ.

ಆ ಹುಡುಗಿಯರಿಗೆ ನೀನು ಏನು ಉತ್ತರ ಕೊಡುತ್ತಿದ್ದೆ ಅಂತ ನನಗೆ ಗೊತ್ತಿಲ್ಲ. ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಬೇರೆ ಅಂಗಡಿಯವರೂ ತಪ್ಪು ಮಾಡುತ್ತಾರೆ, ಅದನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿಗೆ ಹಾಕಿದ್ದನ್ನು ಮಾರನೆಯ ದಿನ ಮರೆಯುತ್ತಾರೆ, ಮರೆತದ್ದನ್ನು ಮತ್ತೆ ಮಾಡುತ್ತಾರೆ. ನಾನು ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಆ ಗಾಜುಗಳು ನನ್ನ ತಲೆಗೆ ತಾಗುತ್ತವೆ. ಗಿರಾಕಿ ಒಳಗೆ ಬರುವಾಗ ಮೊದಲು ನನ್ನ ತಪ್ಪು ನೋಡಲಿ, ಆಮೇಲೆ ನನ್ನ ಮುಖ ನೋಡಲಿ. ಅಷ್ಟಾದ ಮೇಲೂ ಒಳಗೆ ಬಂದವರು ಮೂವತ್ತು ವರ್ಷದಿಂದ ಬರುತ್ತಲೇ ಇದ್ದಾರೆ. ಈ ಬೀದಿಯಲ್ಲಿ ಹಾಗೆ ಎದೆ ತಟ್ಟಿಕೊಂಡು ಹೇಳುವ ಅಂಗಡಿ ಇನ್ನೊಂದಿದ್ದರೆ ತೋರಿಸು.

ನಿನ್ನ ಮೇಡಂ ವಾಪಸು ಕಳಿಸಿದವನು ತಪ್ಪೊಪ್ಪಿಕೊಂಡಿದ್ದಕ್ಕೇ ಹೋದನೋ, ಬೇರೆ ಏನಾದರೂ ಮಾಡಿದ್ದನೋ, ವಿಚಾರಿಸಿದೆಯಾ? ಪಕ್ಕದವಳ ಮಾತನ್ನು ಗಿಣಿಯ ಹಾಗೆ ಒಪ್ಪಿಸಬೇಡ.

ದೊಡ್ಡಮ್ಮ


ಮೇ 21

ದೊಡ್ಡಮ್ಮಾ,

ಇವತ್ತು ಕತ್ತರಿ ಮೇಡಂ ಬಂದಿದ್ದರು. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರಕ್ಕೆ ಬೈಯಬೇಡ.

ಮೂರನೇ ಮಹಡಿ, ಉಸಿರಾಟದ ತೊಂದರೆ ನೋಡುವ ವಿಭಾಗ. ಸದ್ದು ಮಾಡುವ ಒಂದು ಫ್ಯಾನು. ಅದರ ಕೆಳಗೆ ಡಾಕ್ಟರು, ಕ್ಯಾಲೆಂಡರಿನ ಹತ್ತಿರ ಮೂಲೆಯಲ್ಲಿ ಮೇಡಂ, ನಡುವೆ ನಾನು. ರೋಗಿ ಎಪ್ಪತ್ತರ ಹತ್ತಿರದ ಒಬ್ಬ ಅಜ್ಜ, ಬೋರ್ಡು ಬರೆಯುವವರು. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ಇತ್ತು. ಕೂರುವ ಮೊದಲೇ ಬಾಗಿಲ ಮೇಲಿನ ಬೋರ್ಡನ್ನು ತೋರಿಸಿ, "ಇದನ್ನ ಬರೆದೋನಿಗೆ ಬಸ್ಸು ಹಿಡಿಯೋದಿತ್ತು" ಅಂದರು. ಅದನ್ನೂ ನಾನು ಡಾಕ್ಟರಿಗೆ ಹೇಳಬೇಕಾಯಿತು. ಡಾಕ್ಟರು ನಗಲಿಲ್ಲ.

ಹಿಂದಿನ ದಿನ ಇದೇ ಡಾಕ್ಟರು ಒಬ್ಬ ಹೆಂಗಸಿಗೆ, "ಮಧ್ಯದಲ್ಲಿ ಮಾತ್ರೆ ಬಿಡೋದಾದ್ರೆ ನನ್ನ ಹತ್ರ ಯಾಕೆ ಬರ್ತೀರಿ?" ಎಂದು ಚೆನ್ನಾಗಿ ಬೈದಿದ್ದರು. ಆ ಬೈಗುಳವನ್ನು ಅವಳಿಗೆ ಹೇಳಿದ್ದೂ ನಾನೇ. ಅವಳು ಅತ್ತಿದ್ದಳು.

ಇವತ್ತು ಡಾಕ್ಟರು, "ಹೋದ ತಿಂಗಳು ಕೊಟ್ಟ ಮಾತ್ರೆ ಏನಾಯ್ತು?" ಎಂದು ಕೇಳಿದರು. ಅಜ್ಜ ಗದ್ದ ಎತ್ತಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು. ಅವರು ಬಳಸಿದ ಕ್ರಿಯಾಪದ ದೆಹಾರ್. ಅಂದರೆ ಬಿಡುವುದು. ಅದರ ಪಕ್ಕದಲ್ಲೇ ಇರುವುದು ತೆರ್ಮಿನಾರ್, ಮುಗಿಸುವುದು. ಎರಡರಲ್ಲೂ ಮನುಷ್ಯ ಈಗ ಮಾತ್ರೆ ತೆಗೆದುಕೊಳ್ಳುತ್ತಿಲ್ಲ, ಅಷ್ಟರ ಮಟ್ಟಿಗೆ ಎರಡೂ ಒಂದೇ. ನನ್ನ ನಾಲಿಗೆಗೆ ಎರಡೂ ಬಂದವು. ಡಾಕ್ಟರ ಮುಖ ನೋಡಿದೆ, ಅಜ್ಜನ ನೆರೆತ ತಲೆ ನೋಡಿದೆ. ಇವರೂ ಬೈಸಿಕೊಳ್ಳುವುದು ಬೇಡ ಅನ್ನಿಸಿತು.

"ಮುಗಿಸಿದೀನಿ" ಅಂದೆ.

ಗೊತ್ತಿಲ್ಲದೆ ಆದದ್ದು ಎಂದು ಬರೆದರೆ ನೀನು ನಂಬುತ್ತೀಯ. ಆದರೆ ಅದು ನಿಜವಲ್ಲ. ಅರ್ಧ ಅವಸರ, ಅರ್ಧ ನನ್ನದೇ ಆಯ್ಕೆ. "ಇದೇ ಚೆನ್ನಾಗಿದೆ ಅಲ್ವಾ" ಎಂದು ನಾನೇ ಗಾಜು ಆರಿಸಿ ಅವರ ಮೂಗಿನ ಮೇಲೆ ಕೂರಿಸಿಬಿಟ್ಟೆ.

ಡಾಕ್ಟರು ಬರೆದುಕೊಂಡರು. ನಿದ್ದೆ ಹೇಗೆ, ಮೆಟ್ಟಿಲು ಹತ್ತಿದರೆ ಹೇಗೆ ಎಂದೆಲ್ಲ ಕೇಳಿದರು. ಎದೆ ಪರೀಕ್ಷೆ ಮಾಡಿದರು. ಆಮೇಲೆ, "ಪೂರ್ತಿ ಮುಗಿಸಿಯೂ ಕಮ್ಮಿ ಆಗಿಲ್ಲ ಅಂದ್ರೆ ಅದೇ ಮಾತ್ರೆ ಎರಡರಷ್ಟು ಕೊಡೋಣ" ಎಂದು ಚೀಟಿ ಎಳೆದುಕೊಂಡರು.

ಮೇಡಂ ಕಡೆ ನೋಡಿದೆ. ತಲೆ ತಗ್ಗಿಸಿ ಬರೆಯುತ್ತಿದ್ದರು. ಫ್ಯಾನಿನ ಸದ್ದಿನಲ್ಲಿ ಅವರಿಗೆ ಅಜ್ಜನ ಮಾತು ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ. ಒಂದು ಕೆಮ್ಮು ಕೆಮ್ಮಿದ್ದರೆ ಸಾಕಿತ್ತು. ಆದರೆ ಡಾಕ್ಟರ ಪೆನ್ನು ಕಾಗದಕ್ಕೆ ತಾಗಿತ್ತು, ದೊಡ್ಡಮ್ಮಾ, ಮತ್ತು ಆ ಅಜ್ಜ ನನ್ನನ್ನೇ ನಂಬಿಕೊಂಡು ನೋಡುತ್ತಿದ್ದರು.

"ಡಾಕ್ಟರೇ, ದುಭಾಷಿ ಒಂದು ತಪ್ಪು ಮಾಡಿದಾಳೆ" ಅಂದೆ. "ಮುಗಿಸಿದೀನಿ ಅಂತ ಇವರು ಹೇಳ್ಲಿಲ್ಲ. ಬಿಟ್ಟಿದೀನಿ ಅಂದ್ರು. ಮುಗಿಸಿದೀನಿ ಅಂದಿದ್ದು ದುಭಾಷಿ."

ಅದನ್ನೇ ತಿರುಗಿ ಅಜ್ಜನಿಗೂ ಅವರ ಮಾತಿನಲ್ಲಿ ಹೇಳಿದೆ. ಅವರ ಹುಬ್ಬು ಮೇಲೇರಿತು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಯಾಕೆ ಬಿಟ್ರಿ?"

ಅಜ್ಜ ಹೇಳಿದ್ದನ್ನು ನಾನು ಹೇಳಿದೆ. "ಮೂರನೇ ದಿನ ಕೈ ನಡುಗೋಕೆ ಶುರುವಾಯ್ತು. ನಾನು ಬೋರ್ಡು ಬರೆಯೋನು. ನಲವತ್ತೈದು ವರ್ಷ ಸ್ಕೇಲಿಲ್ಲದೆ ಗೆರೆ ಎಳೆದಿದೀನಿ. ಉಸಿರು ಸಿಕ್ಕಲಿಲ್ಲ ಅಂದ್ರೆ ಏಣಿ ಮೇಲೆ ನಿಂತು ಸುಧಾರಿಸ್ಕೋತೀನಿ. ಗೆರೆ ಸೊಟ್ಟ ಆದ್ರೆ ನಾನು ಏಣಿ ಹತ್ತೋದು ಯಾಕೆ? ಅದಕ್ಕೇ ಬಿಟ್ಟೆ. ಮರೆತಿದ್ದಲ್ಲ, ಯೋಚನೆ ಮಾಡಿ ಬಿಟ್ಟಿದ್ದು."

ಆ "ನಾನು" ನನ್ನ ಬಾಯಲ್ಲಿ ಒಂದು ಸಲವೂ ತೊದಲಲಿಲ್ಲ. ಅಷ್ಟು ಹೆಮ್ಮೆಯಿಂದ ಹೇಳಿದ ಮಾತನ್ನು ನಾನು ಮೊದಲು ನುಂಗಿಹಾಕಿದ್ದೆನಲ್ಲ ಎಂದು ಕಣ್ಣು ತುಂಬಿತು. ಡಾಕ್ಟರು ಬೈಯಲಿಲ್ಲ. "ಎರಡರಷ್ಟು ಕೊಟ್ಟಿದ್ರೆ ಕೈ ಜೊತೆ ಎದೇನೂ ನಡುಗ್ತಿತ್ತು" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಚೀಟಿ ಹರಿದು ಹಾಕಿ, ಬೇರೆ ಮಾತ್ರೆ ಬರೆದರು. ಕತ್ತರಿ ಮೇಡಂ ನೋಟ್‌ಬುಕ್ಕು ಮುಚ್ಚಿ, ನನ್ನ ಮುಖವನ್ನೂ ನೋಡದೆ ಹೊರಟುಹೋದರು.

ವರದಿ ಬರಲು ಮೂರು ನಾಲ್ಕು ವಾರ. ಪಕ್ಕದವಳು ಸಂಜೆಯಿಂದ ನನ್ನ ಜೊತೆ ಮಾತಾಡುವಾಗ ದನಿ ತಗ್ಗಿಸುತ್ತಿದ್ದಾಳೆ. ಇಲ್ಲಿಂದ ಕಳಿಸಿದರೆ ಎಲ್ಲಿಗೆ ಹೋಗಬೇಕು ಎಂದು ಇನ್ನೂ ಯೋಚಿಸಿಲ್ಲ.

ಗಿಣಿ


ಜೂನ್ 2

ನನ್ನ ಗಿಣಿಗೆ,

ಕಾಗದವನ್ನು ಒಂದು ಸಲ ಕೂತು ಓದಿದೆ, ಒಂದು ಸಲ ನಿಂತು ಓದಿದೆ. ಮೂರನೇ ಸಲ ಮೇಷ್ಟ್ರಿಗೆ ಓದಿ ಹೇಳಿದೆ. ಅವರು ಪೇಪರು ಮಡಿಸಿ, ನನ್ನ ಡಬ್ಬ ಕೆಳಗಿಳಿಸಿ, ನಿನ್ನ ಸ್ಟೂಲಿನ ಮೇಲೆ ಕೂತುಬಿಟ್ಟರು.

ನನಗೆ ಹೆಮ್ಮೆಯಾಗಿದೆ. ಬರೆದುಬಿಟ್ಟಿದ್ದೇನೆ, ಇನ್ನು ಹೊಡೆದುಹಾಕುವುದಿಲ್ಲ. ನಿನ್ನ ಕತ್ತರಿ ಏನು ಬೇಕಾದರೂ ಬರೆದುಕೊಳ್ಳಲಿ, ನನ್ನ ವರದಿ ಇದು. ಕೆಲಸ ಹೋದರೆ ಹೋಗಲಿ. ಇಲ್ಲಿ ಬಾಗಿಲಿದೆ, ಚಕ್ರವಿದೆ, ಸ್ಟೂಲು ಖಾಲಿ ಮಾಡಲು ಮೇಷ್ಟ್ರಿಗೆ ಹೇಳುತ್ತೇನೆ.

ತಡಮಾಡಿದೆ ಎಂದು ಬೈಯಲು ಹೊರಟಿದ್ದೆ. ನಿದ್ದೆ, ಮೆಟ್ಟಿಲು, ಎದೆ ಪರೀಕ್ಷೆ ಎಲ್ಲ ಸೇರಿಸಿದರೆ ನಾಲ್ಕು ನಿಮಿಷವಾದರೂ ಆಗಿರಬೇಕು. ನಾನಾಗಿದ್ದರೆ ಆ ಕ್ಷಣವೇ ಹೇಳುತ್ತಿದ್ದೆ ಎಂದು ಬರೆದೂ ಆಗಿತ್ತು. ಆ ಹಾಳೆ ಹರಿದು ಹಾಕಿದೆ. ನಿನಗೆ ಹೇಳದ ಒಂದು ವಿಷಯ ಇದೆ. ಸರದ ತುತ್ತತುದಿಯಲ್ಲಿ ಒಂದು ಹಳೆಯ ಗಾಜಿದೆಯಲ್ಲ, ಚೀಟಿ ಹಳದಿಯಾಗಿರುವುದು, ಅದು ನನ್ನ ಮೊದಲ ತಪ್ಪು. ಹೊಲಿಗೆ ಕೆಲಸದ ಒಬ್ಬ ಹೆಂಗಸಿನದು. ತಲೆನೋವು ಎಂದು ಅವಳು ಎರಡು ಸಲ ಬಂದಳು. ಗಾಜು ತಪ್ಪಾಗಿದೆ ಎಂದು ಮೊದಲನೇ ಸಲವೇ ನನಗೆ ಗೊತ್ತಾಯಿತು. "ನಿಮ್ಮ ಕಣ್ಣಿಗೆ ಅಭ್ಯಾಸ ಆಗ್ಬೇಕು" ಎಂದು ಕಳಿಸಿದೆ. ಮೂರು ವಾರ ಅವಳು ನೋವು ತಿಂದಳು, ನನ್ನ ಮರ್ಯಾದೆ ಉಳಿಸಲಿಕ್ಕೆ. ಆಮೇಲೆ ನನಗೇ ತಡೆಯಲಾಗದೆ ಅವಳ ಮನೆಗೆ ಹೋಗಿ ಹೇಳಿದೆ. ಮಾರನೆಯ ದಿನ ಆ ಗಾಜು ತೂಗುಹಾಕಲು ಬಾಗಿಲಿಗೆ ಮೊಳೆ ಹೊಡೆದೆ. ನನಗೆ ಮೂರು ವಾರ ಬೇಕಾಗಿದ್ದು ನಿನಗೆ ನಾಲ್ಕು ನಿಮಿಷ ಸಾಕಾಯಿತು. ಹಾಗಾಗಿ ಬೈಯುವ ಹಕ್ಕು ನನಗಿಲ್ಲ.

ಚೀಟಿ ಬರೆದು ಕಳಿಸು. ಮಾತಿಗೆ ತೂತು ಕೊರೆಯಲು ಬರುವುದಿಲ್ಲ, ಬರೀ ಚೀಟಿಯನ್ನೇ ಕಟ್ಟುತ್ತೇನೆ. ಸರದಲ್ಲಿ ಒಂದು ಜಾಗ ಮೂರು ವರ್ಷದಿಂದ ಖಾಲಿ ಇದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ದೊಡ್ಡಮ್ಮ


ಜೂನ್ 19

ದೊಡ್ಡಮ್ಮಾ,

ಕೆಲಸ ಖಾಯಂ ಆಯಿತು.

ಕತ್ತರಿ ಮೇಡಂ ಕರೆದು ವರದಿಯನ್ನು ನನ್ನ ಕೈಗೇ ಕೊಟ್ಟರು. "ತಪ್ಪು ಒಂದು. ಬೇರೆಯವರು ಹೇಳುವ ಮೊದಲು ತಾವೇ ತಿದ್ದಿದ್ದಾರೆ. ಇವರನ್ನು ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ." ಅಷ್ಟೇ ಇತ್ತು. ಅಜ್ಜನ ಮಾತು ಅವರಿಗೆ ಕೇಳಿಸಿತ್ತಾ ಎಂದು ಧೈರ್ಯ ಮಾಡಿ ಕೇಳಿದೆ. "ಡಾಕ್ಟರು ಚೀಟಿ ಕೊಡೋವರೆಗೆ ಕಾಯ್ತಿದ್ದೆ" ಅಂದರು. "ಕೊಟ್ಟಿದ್ರೆ ನಾನು ಎದ್ದು ಹೇಳ್ತಿದ್ದೆ, ನೀವು ಮನೆಗೆ ಹೋಗ್ತಿದ್ರಿ." ಹೋದ ವರ್ಷದವನ ವಿಚಾರವನ್ನೂ ಕೇಳಿದೆ. ಅವನು ತಪ್ಪೊಪ್ಪಿಕೊಂಡಿದ್ದು ನಿಜ, ರೋಗಿ ಮನೆಗೆ ಹೋದ ಮೇಲೆ. ನೀನು ಹೇಳಿದ್ದೇ ಸರಿ.

ಹೋದ ವಾರ ಬೋರ್ಡಿನ ಅಜ್ಜ ಮತ್ತೆ ತೋರಿಸಲು ಬಂದಿದ್ದರು. ಹೊಸ ಮಾತ್ರೆಗೆ ಉಸಿರೂ ಸುಧಾರಿಸಿದೆ, ಕೈಯೂ ನಡುಗುತ್ತಿಲ್ಲ. ನಿನ್ನ ಸರದ ಕಥೆ ಅವರಿಗೆ ಹೇಳಿದೆ. ಚೀಟಿಯನ್ನು ತಾವೇ ಬರೆದುಕೊಡುವುದಾಗಿ ಹಟ ಹಿಡಿದರು. ನಾನು ಹಾಳೆಯ ಮೇಲೆ ಬರೆದು ಕೊಟ್ಟಿದ್ದನ್ನು ನೋಡಿಕೊಂಡು, ಕನ್ನಡದ ಒಂದು ಅಕ್ಷರವೂ ಓದಲು ಬಾರದೆ, ಚಿತ್ರ ಬಿಡಿಸುವ ಹಾಗೆ ಬರೆದಿದ್ದಾರೆ. "ಗಿಣಿ. ಬೋರ್ಡಿನ ಅಜ್ಜನ ಮಾತು. ಬಿಟ್ಟೆ ಅಂದಿದ್ದನ್ನು ಮುಗಿಸಿದೆ ಅಂದಳು. ನಾಲ್ಕು ನಿಮಿಷ." ಕೆಳಗಿನ ಗೆರೆ ನೋಡು, ಸ್ಕೇಲು ಮುಟ್ಟಿಲ್ಲ.

ಚೀಟಿಯ ಜೊತೆ ಹತ್ತಿಯಲ್ಲಿ ಸುತ್ತಿ ಇನ್ನೊಂದು ವಸ್ತು ಇಟ್ಟಿದ್ದೇನೆ. ಅದು ಮೇಷ್ಟ್ರ ಬಲಗಣ್ಣಿನ ಗಾಜು, ಹಳೇ ಚೀಟಿಯ ಸಮೇತ. ನಾನು ಎಡಗಣ್ಣಿನ ಪವರನ್ನು ಬಲಗಣ್ಣಿಗೆ ಉಜ್ಜಿಕೊಟ್ಟು, ಅವರು ಶಾಲೆಯ ಮೆಟ್ಟಿಲು ತಪ್ಪಿ ಬಿದ್ದು ಮಂಡಿ ತರಚಿಕೊಂಡರಲ್ಲ, ಅದು. ಹೊರಟ ದಿನ ಬೆಳಿಗ್ಗೆ, ನೀನು ಹಾಲು ತರಲು ಹೋದಾಗ, ನೂಲು ಕತ್ತರಿಸಿ ತೆಗೆದುಕೊಂಡೆ. ಬಿಸಾಡಬೇಕೆಂದು ತೆಗೆದದ್ದು. ಮೂರು ವರ್ಷ ಮೂರು ಕೋಣೆ ಬದಲಾಯಿಸಿದರೂ ಬಿಸಾಡಲು ಕೈ ಬರಲಿಲ್ಲ. ಆ ಖಾಲಿ ಜಾಗ ಹೇಗಾಯಿತು ಎಂದು ನಿನಗೆ ಗೊತ್ತಿತ್ತು. ನಿನಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಆದರೂ ನೀನು ಒಂದು ದಿನವೂ ಕೇಳಲಿಲ್ಲ, ನಾನು ಹೇಳಲಿಲ್ಲ.

ಕದ್ದದ್ದು ನಾನು. ದುಭಾಷಿಯಲ್ಲ, ನಾನೇ.

ಗಿಣಿ


ಜುಲೈ 1

ಗಿಣಿ,

ಕಟ್ಟು ಬಂತು. ಗಾಜಿಗೆ ಒಂದು ಗೀರೂ ಬಿದ್ದಿಲ್ಲ. ಕದ್ದವಳು ಇಷ್ಟು ಜೋಪಾನ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಚೀಟಿಯ ಗೆರೆಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಈ ತುದಿಯಿಂದ ಆ ತುದಿಗೆ ಒಂದು ನಡುಕ ಇಲ್ಲ. ನನ್ನ ಪರವಾಗಿ ಆ ಅಜ್ಜನಿಗೆ ಅವರ ಮಾತಿನಲ್ಲಿ ಹೇಳು, ಅವರು ಬಿಟ್ಟಿದ್ದು ಸರಿಯಾಗಿತ್ತು ಅಂತ. ಯಾವ ಪದ ಹಾಕುತ್ತೀಯೋ ನೋಡಿಕೊಂಡು ಹಾಕು.

ನಿನ್ನ ಕೆಲಸದ ಸುದ್ದಿ ಓದಿದ ದಿನ ನನ್ನ ಕಣ್ಣಿನ ಹಟವನ್ನೂ ಬಿಟ್ಟೆ. ಪರೀಕ್ಷೆಯ ಫ್ರೇಮು ನನ್ನ ಮೂಗಿನ ಮೇಲೆ ಇಟ್ಟುಕೊಂಡು ಮೇಷ್ಟ್ರ ಕೈಗೆ ಗಾಜುಗಳ ಪೆಟ್ಟಿಗೆ ಕೊಟ್ಟೆ. ಒಂದು ಗಂಟೆ "ಇದಾ, ಅದಾ" ಅಂದರು, ತರಗತಿಯಲ್ಲಿ ಮಗ್ಗಿ ಕೇಳಿದ ಹಾಗೆ. ಈಗ ಕಾಲು, ಮುಕ್ಕಾಲು ಬೇರೆ ಬೇರೆಯಾಗಿ ಕಾಣುತ್ತಿವೆ. ನಿನ್ನ ಕಾಗದದ ಅಕ್ಷರವೂ ಚೆನ್ನಾಗಿ ಕಾಣುತ್ತಿದೆ, ತೀರ ಕೋಳಿ ಕಾಲಿನ ಥರ ಇದೆ.

ನಿನ್ನೆ ಸಂಜೆ ಸರ ಇಳಿಸಿ ಧೂಳು ಒರೆಸಿ, ಖಾಲಿ ಜಾಗದಲ್ಲಿ ನಿನ್ನ ಗಾಜನ್ನೂ ಅದರ ಹಳೇ ಚೀಟಿಯನ್ನೂ ಕಟ್ಟಿದೆ. ಅದರ ಕೆಳಗೆ ಅಜ್ಜ ಬರೆದ ಹೊಸ ಚೀಟಿ. ಮೇಷ್ಟ್ರು ಪೇಪರಿನಿಂದ ತಲೆ ಎತ್ತಿ, "ಇದು ನನ್ನ ಬಲಗಣ್ಣಲ್ವಾ?" ಎಂದು ಗುರುತು ಹಿಡಿದರು. ಕೈ ತಾನಾಗಿ ಮಂಡಿಗೆ ಹೋಯಿತು. ಆಮೇಲೆ ಕೇಳಿದರು:

"ಅಲ್ಲ, ಅವಳು ಅಂಗಡಿ ಬಿಟ್ಟು ಹೋಗಿ ಮೂರು ವರ್ಷ ಆಯ್ತು. ಈಗ ಅವಳ ಗಾಜು ಯಾಕೆ?"

ನನ್ನ ಬಾಯಿಗೂ ಎರಡು ಪದ ಒಟ್ಟಿಗೆ ಬಂದವು. ಮೂರು ವರ್ಷ ಒಂದನ್ನೇ ಹಾಕಿಕೊಂಡು ನೋಡಿದ್ದೆ. ಅದನ್ನು ತೆಗೆದು ಇನ್ನೊಂದು ಹಾಕಿದೆ. ಮತ್ತೆ ಮೊದಲಿನದು ಹಾಕಿದೆ. ಮೇಷ್ಟ್ರು ಕಾದರು.

"ಬಿಟ್ಟು ಹೋಗಿಲ್ಲ ಮೇಷ್ಟ್ರೇ" ಅಂದೆ. "ಇಲ್ಲಿ ಕಲಿಯೋದನ್ನ ಮುಗಿಸಿ ಹೋಗಿದಾಳೆ."

ಆಮೇಲೆ ಗಡಿಯಾರ ನೋಡಿಕೊಂಡು ನಾಲ್ಕು ನಿಮಿಷ ಸುಮ್ಮನೆ ಕೂತೆ. ತಿದ್ದಬೇಕು ಅನ್ನಿಸಲಿಲ್ಲ.

ನಿನ್ನ ದೊಡ್ಡಮ್ಮ